‘ನಿಮಗೆ ಇದು ಸಾಕು’ ಅಲ್ಲ, ‘ಈ ಕೆಲಸಕ್ಕೆ ಇದು ಸಾಕು’

ಪ್ರಶ್ನೆ: ಟಿವಿ, ಲ್ಯಾಪ್‌ಟಾಪ್, ಪ್ರಿಂಟರ್ ಮಾರುವ ಅಂಗಡಿಯಲ್ಲಿ ಮೂರು ವರ್ಷದಿಂದ ಕೌಂಟರ್ ನೋಡಿಕೊಳ್ಳುತ್ತಿದ್ದೇನೆ. ಬಂದವರಲ್ಲಿ ಎಷ್ಟೋ ಜನ ತಮ್ಮ ಕೆಲಸಕ್ಕೆ ಬೇಕಾದ್ದಕ್ಕಿಂತ ದೊಡ್ಡ ಮಾಡೆಲ್ ಕೇಳುತ್ತಾರೆ. ಕಡಿಮೆ ಬೆಲೆಯದ್ದೇ ಸಾಕು ಅಂತ ನನಗೆ ಗೊತ್ತಿರುತ್ತದೆ, ಆದರೆ ಹೇಳಲು ಹೋದರೆ ಮಾತು ಕೆಡುತ್ತದೆ. ಕಳೆದ ವಾರ ಒಬ್ಬರಿಗೆ ‘ಸರ್, ನಿಮಗೆ ಇದೇ ಸಾಕು’ ಅಂದೆ. ‘ಯಾಕೆ, ನಾನು ಅದನ್ನ ತಗೊಳ್ಳೋಕಾಗಲ್ವಾ?’ ಎಂದು ಮುಖ ಗಂಟಿಕ್ಕಿಕೊಂಡು ಹೊರಟೇಹೋದರು. ಇನ್ನೊಬ್ಬರು ‘ಹಳೇ ಸ್ಟಾಕ್ ಖಾಲಿ ಮಾಡ್ತಿದೀರಾ?’ ಎಂದು ಕೇಳಿದರು. ಮಾಲೀಕರಿಗೂ ಇದು ಇಷ್ಟವಿಲ್ಲ. ‘ಅಪ್‌ಸೆಲ್’ ಮಾಡಲು, ಅಂದರೆ ಹೆಚ್ಚು ಬೆಲೆಯದನ್ನು ಕೊಳ್ಳುವಂತೆ ಒಪ್ಪಿಸಲು, ನಮಗೆ ಎರಡು ದಿನ ತರಬೇತಿ ಕೊಟ್ಟರು. ನಾನು ಮಾಡಲು ಹೊರಟಿರುವುದಕ್ಕೆ ಒಂದು ಹೆಸರೂ ಇಲ್ಲ. ಇದನ್ನು ಯಾವ ಮಾತಿನಲ್ಲಿ ಹೇಳಬೇಕು?

ಉತ್ತರ: ಹೆಸರಿನ ವಿಷಯ ಚಿಕ್ಕದು, ಅದನ್ನು ಮೊದಲು ಮುಗಿಸೋಣ. ಮಾರಾಟದ ಭಾಷೆಯಲ್ಲಿ ‘ಡೌನ್‌ಸೆಲ್’ ಎಂಬ ಪದ ಇದೆ. ಆದರೆ ಅದು ನೀವು ಮಾಡುತ್ತಿರುವ ಕೆಲಸದ ಹೆಸರಲ್ಲ. ದುಬಾರಿಯದನ್ನು ಗಿರಾಕಿ ಬೇಡವೆಂದ ಮೇಲೆ, ಅವರು ಬರಿಗೈಯಲ್ಲಿ ಹೋಗಬಾರದೆಂದು ಕಡಿಮೆ ಬೆಲೆಯದನ್ನು ಮುಂದಿಡುವುದಕ್ಕೆ ಡೌನ್‌ಸೆಲ್ ಎನ್ನುತ್ತಾರೆ. ಅಲ್ಲಿ ಕಾಪಾಡಿಕೊಳ್ಳುವುದು ವ್ಯಾಪಾರವನ್ನು. ಗಿರಾಕಿ ದುಬಾರಿಯದಕ್ಕೆ ಕೈಚಾಚಿರುವಾಗಲೇ ‘ಅಷ್ಟು ಬೇಕಾಗುವುದಿಲ್ಲ’ ಎನ್ನುವವರು ಕಾಪಾಡುವುದು ಗಿರಾಕಿಯ ದುಡ್ಡನ್ನು. ‘ಇಳಿಮಾರಾಟ’ ಎಂದು ಕನ್ನಡಿಸಿದರೆ ವ್ಯಾಪಾರ ಕುಸಿದಂತೆ ಕೇಳಿಸುತ್ತದೆ. ಸಿಬ್ಬಂದಿ ತಮ್ಮೊಳಗೆ ಮಾತಾಡಿಕೊಳ್ಳುವಾಗ ‘ಅಳತೆ ನೋಡಿ ಕೊಡುವುದು’ ಅಂದರೆ ಸಾಕು. ದರ್ಜಿ ಮಾಡುವುದೂ ಅದನ್ನೇ. ಬಟ್ಟೆ ಹೆಚ್ಚು ಖರ್ಚಾಗಲಿ ಎಂದು ಯಾವ ದರ್ಜಿಯೂ ತೋಳನ್ನು ಉದ್ದ ಬಿಡುವುದಿಲ್ಲ. ಗಿರಾಕಿಯ ಎದುರಿಗಂತೂ ಇದಕ್ಕೆ ಹೆಸರೇ ಬೇಕಿಲ್ಲ.

ಈಗ ನಿಮ್ಮ ಆ ವಾಕ್ಯಕ್ಕೆ ಬರೋಣ. ‘ನಿಮಗೆ ಇದೇ ಸಾಕು.’ ಇದರಲ್ಲಿ ಸುಳ್ಳಿಲ್ಲ, ಒರಟುತನವೂ ಇಲ್ಲ. ಆದರೂ ನೋಯಿಸಿತು. ಕಾರಣ ‘ಸಾಕು’ ಎಂಬ ಪದದಲ್ಲಿಲ್ಲ, ಅದರ ಹಿಂದಿನ ‘ನಿಮಗೆ’ಯಲ್ಲಿದೆ. ಕನ್ನಡದಲ್ಲಿ ಯಾರಿಗೆ ಸಾಕು, ಯಾವುದಕ್ಕೆ ಸಾಕು ಎರಡನ್ನೂ ಹೇಳಲು ಬರುತ್ತದೆ. ‘ನಿಮಗೆ’ ಎಂದಾಗ ಅಳತೆಪಟ್ಟಿ ವ್ಯಕ್ತಿಯ ಮೇಲೆ ಬೀಳುತ್ತದೆ: ನಿಮ್ಮಂಥವರಿಗೆ, ನಿಮ್ಮ ಯೋಗ್ಯತೆಗೆ, ನಿಮ್ಮ ಜೇಬಿಗೆ. ‘ಇದೇ’ ಎಂಬ ಒತ್ತು ಸೇರಿದರೆ ಮೇಲಿನದರ ಬಾಗಿಲು ಮುಚ್ಚಿದಂತೆಯೂ ಆಗುತ್ತದೆ. ‘ಈ ಕೆಲಸಕ್ಕೆ ಇದು ಸಾಕಾಗುತ್ತೆ’ ಎನ್ನಿ. ಅಳತೆಪಟ್ಟಿ ಕೆಲಸದ ಮೇಲೆ ಬೀಳುತ್ತದೆ. ಗಿರಾಕಿ ನಿಮ್ಮ ಪಕ್ಕದಲ್ಲೇ ನಿಂತು ಆ ಕೆಲಸವನ್ನು ನೋಡುತ್ತಾರೆ. ಅವರನ್ನು ಯಾರೂ ತೂಗುತ್ತಿಲ್ಲ. ನೀವು ಇದೊಂದನ್ನೇ ಬದಲಿಸಿದರೂ ಅರ್ಧ ತೊಂದರೆ ಕಡಿಮೆಯಾಗುತ್ತದೆ. ‘ಕೆಲಸ’ ಎಂಬ ಜಾಗದಲ್ಲಿ ಅವರ ಬಾಯಿಂದಲೇ ಬಂದ ಮಾತನ್ನು ಹಾಕಿ: ‘ಆನ್‌ಲೈನ್ ಕ್ಲಾಸ್‌ಗೆ’, ‘ಲೆಕ್ಕಪತ್ರಕ್ಕೆ’, ‘ಇಷ್ಟು ಅಗಲದ ಕೋಣೆಗೆ’.

ಉಳಿದ ಪದಗಳಲ್ಲೂ ಎಡವಟ್ಟುಗಳಿವೆ. ‘ಅಗ್ಗ’ ಎನ್ನುವುದು ಬೆಲೆಯನ್ನು ಹೇಳುತ್ತದಾದರೂ ಅದರ ಬೆನ್ನಿಗೆ ‘ಕಳಪೆ’ ಅಂಟಿಕೊಂಡಿದೆ. ‘ಚೀಪ್’ ಇನ್ನೂ ಕೆಟ್ಟದ್ದು. ಅದು ವಸ್ತುವಿಗೂ ಬೈಗುಳ, ಕೊಳ್ಳುವವರಿಗೂ ಬೈಗುಳ. ‘ಲೋ ಎಂಡ್’, ‘ಸಾದಾ ಮಾಡೆಲ್’ ಎಂಬವು ಗೋದಾಮಿನ ಪಟ್ಟಿಯಲ್ಲಿರಲಿ, ಕೌಂಟರಿನ ಮಾತಿನಲ್ಲಿ ಬೇಡ. ‘ಇದೂ ಪರವಾಗಿಲ್ಲ’ ಎಂದರೆ ಹೊಗಳಿಕೆಯ ವೇಷದಲ್ಲಿ ತೆಗಳಿದಂತೆ. ‘ಅಡ್ಜಸ್ಟ್ ಮಾಡ್ಕೋಬಹುದು’ ಎನ್ನುವುದನ್ನು ಮರೆತೇಬಿಡಿ. ದುಡ್ಡು ಕೊಟ್ಟು ಅಡ್ಜಸ್ಟ್ ಮಾಡಿಕೊಳ್ಳಲು ಯಾರೂ ಅಂಗಡಿಗೆ ಬರುವುದಿಲ್ಲ. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಗಾದೆಯನ್ನು ನಮಗೆ ನಾವು ಹೇಳಿಕೊಂಡರೆ ವಿವೇಕ, ಗಿರಾಕಿಗೆ ಹೇಳಿದರೆ ಅವಮಾನ. ಇವುಗಳ ಬದಲು ‘ಈ ಮಾಡೆಲ್’, ‘ಆ ಮಾಡೆಲ್’ ಎಂದು ಬೆರಳು ತೋರಿಸಿ ಮಾತಾಡಿ. ಬೆಲೆ ಚೀಟಿ ಅಲ್ಲೇ ಅಂಟಿದೆ, ಅದನ್ನು ಅವರೇ ಓದಿಕೊಳ್ಳುತ್ತಾರೆ.

ಪದಗಳ ಬಗ್ಗೆ ಇಷ್ಟು ಒತ್ತಿ ಹೇಳಲು ಇನ್ನೊಂದು ಕಾರಣವಿದೆ. ಅಂಗಡಿಯಲ್ಲಿ ಆಡಿದ ಮಾತು ವಸ್ತುವಿನ ಜೊತೆ ಮನೆಗೂ ಹೋಗುತ್ತದೆ. 2008ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಒಂದೇ ವೈನನ್ನು ಬೇರೆಬೇರೆ ಬೆಲೆ ಹೇಳಿ ಕುಡಿಯಲು ಕೊಟ್ಟಾಗ, ಹೆಚ್ಚು ಬೆಲೆ ಎಂದದ್ದೇ ಹೆಚ್ಚು ರುಚಿಯಾಗಿದೆ ಎಂದು ಜನ ಹೇಳಿದರು. ಬೆಲೆಯ ಬಗೆಗಿನ ನಂಬಿಕೆ ಅನುಭವವನ್ನೇ ಬದಲಿಸುತ್ತದೆ. ‘ಚೀಪಾಗಿ ಇದಿದೆ’ ಎಂದು ಕೊಟ್ಟ ಲ್ಯಾಪ್‌ಟಾಪ್ ಎರಡು ಸೆಕೆಂಡ್ ತಡವಾಗಿ ತೆರೆದುಕೊಂಡರೂ ‘ಅಗ್ಗದ್ದಲ್ಲವೇ, ಇನ್ನೇನು’ ಎನ್ನಿಸುತ್ತದೆ. ‘ಲೆಕ್ಕಪತ್ರಕ್ಕೆ ಸರಿಯಾದದ್ದು’ ಎಂದು ಕೊಟ್ಟ ಅದೇ ಯಂತ್ರದ ಬಗ್ಗೆ ಆ ದೂರು ಹುಟ್ಟುವುದು ಕಷ್ಟ.

ಇನ್ನು ಹಳೇ ಸ್ಟಾಕ್ ಅನುಮಾನ. ಕಡಿಮೆ ಬೆಲೆಯದನ್ನು ಹೇಳಿದರೆ ಗಿರಾಕಿಗೆ ಖುಷಿಯಾಗಿ ತಾನಾಗಿ ನಂಬಿಕೆ ಬರುತ್ತದೆ ಎಂದು ಅನೇಕ ತರಬೇತುದಾರರು ಹೇಳುತ್ತಾರೆ. ಅದು ಅರ್ಧ ಸತ್ಯ. ಮಾರುವವರು ತಮ್ಮ ಲಾಭಕ್ಕೆ ವಿರುದ್ಧವಾಗಿ ಮಾತಾಡಿದಂತೆ ಕಂಡಾಗ ನಂಬಿಕೆ ಹೆಚ್ಚುತ್ತದೆ ನಿಜ. ಆದರೆ ಯಾಕೆ ಹಾಗೆ ಮಾತಾಡುತ್ತಿದ್ದಾರೆ ಎಂಬುದು ಕೇಳುವವರಿಗೆ ಅರ್ಥವಾಗದಿದ್ದರೆ, ಅವರೇ ಒಂದು ಕಾರಣ ಕಟ್ಟಿಕೊಳ್ಳುತ್ತಾರೆ: ಸ್ಟಾಕ್ ಉಳಿದಿರಬೇಕು, ಇದರಲ್ಲೇ ಕಮಿಷನ್ ಜಾಸ್ತಿ ಇರಬೇಕು. ಅವರನ್ನು ತಪ್ಪು ಎನ್ನಲಾಗದು. ಡಾರ್ಬಿ ಮತ್ತು ಕಾರ್ನಿ ಎಂಬ ಅರ್ಥಶಾಸ್ತ್ರಜ್ಞರು 1973ರಲ್ಲಿ ಒಂದು ಬಗೆಯ ಸರಕನ್ನು ಗುರುತಿಸಿದರು: ಕೊಂಡು ಬಳಸಿದ ಮೇಲೂ ತನಗೆ ಅದು ನಿಜಕ್ಕೂ ಬೇಕಿತ್ತೇ ಎಂಬುದು ಕೊಂಡವರಿಗೆ ತಿಳಿಯದಂಥದ್ದು. ರಿಪೇರಿ, ಚಿಕಿತ್ಸೆ ಇಂಥವು. ನಿಮ್ಮ ಅಂಗಡಿಯ ಮೆಗಾಪಿಕ್ಸೆಲ್, ಪ್ರೊಸೆಸರ್ ಪೀಳಿಗೆ, ಬಂಗಾರ ಲೇಪಿಸಿದ ಕೇಬಲ್‌ಗಳಿಗೂ ಹೆಚ್ಚುಕಡಿಮೆ ಇದೇ ಗುಣವಿದೆ. ಮನೆಗೆ ಒಯ್ದು ವರ್ಷ ಕಳೆದರೂ ‘ಕೆಳಗಿನ ಮಾಡೆಲ್ ಸಾಕಾಗುತ್ತಿತ್ತೇ’ ಎಂದು ಪರೀಕ್ಷಿಸಿ ನೋಡಲು ಅವರ ಬಳಿ ದಾರಿಯಿಲ್ಲ. ತಾನೇ ಪರೀಕ್ಷಿಸಲಾಗದಲ್ಲಿ ಮನುಷ್ಯ ಹೇಳುವವರ ಮುಖ ನೋಡಿ ನಿರ್ಧರಿಸುತ್ತಾನೆ.

ಆದ್ದರಿಂದ ‘ಸಾಕು’ ಎಂಬುದನ್ನು ಒಂಟಿಯಾಗಿ ಬಿಡಬೇಡಿ. ಅದರ ಜೊತೆಗೆ ಯಾವಾಗಲೂ ಒಂದು ‘ಸಾಲದು’ ಹೇಳಿ. ‘ಲೆಕ್ಕಪತ್ರ, ಬ್ರೌಸಿಂಗ್, ವಿಡಿಯೊ ಕಾಲ್‌ಗೆ ಇದು ಸಾಕು. ಮುಂದೆ ವಿಡಿಯೊ ಎಡಿಟಿಂಗ್ ಶುರು ಮಾಡಿದರೆ ಇದು ಸಾಲದು.’ ಎರಡನೆಯ ವಾಕ್ಯವೇ ಮೊದಲನೆಯದನ್ನು ನಂಬಿಸುವುದು. ಸ್ಟಾಕ್ ಖಾಲಿ ಮಾಡುವವರು ವಸ್ತುವಿನ ಮಿತಿಯನ್ನು ತಾವಾಗಿ ಹೇಳುವುದಿಲ್ಲ, ಅದು ಗಿರಾಕಿಗೂ ಗೊತ್ತು. ಜೊತೆಗೆ ಗಿರಾಕಿಗೆ ತನ್ನ ಅಗತ್ಯವನ್ನು ತಾನೇ ಅಳೆದುಕೊಳ್ಳಲು ಒಂದು ಗೆರೆ ಸಿಗುತ್ತದೆ. ‘ಅಯ್ಯೋ, ಮಗಳು ಎಡಿಟಿಂಗ್ ಕಲೀತಿದಾಳೆ’ ಎಂದರೆ ನಿಮ್ಮ ಸಲಹೆಯೇ ತಪ್ಪಿತ್ತು. ಆಗಲೇ ತಿಳಿದದ್ದು ಒಳ್ಳೆಯದಾಯಿತು.

‘ಸಾಲದು’ ಹೇಳಬೇಕಾದರೆ ವಸ್ತು ಗೊತ್ತಿರಬೇಕು. ಸಿಹಿಮಾತಿನ ಅಭ್ಯಾಸಕ್ಕಿಂತ ಇದಕ್ಕೇ ಹೆಚ್ಚು ಸಮಯ ಕೊಡಿ. ನಿಮ್ಮ ಕೌಂಟರಿನದೇ ಕೆಲವು ಲೆಕ್ಕಗಳನ್ನು ಕೊಡುತ್ತೇನೆ.

ಟಿವಿಯಲ್ಲಿ ಜನ ಫುಲ್ ಎಚ್‌ಡಿ ಬಿಟ್ಟು 4ಕೆ ಕೇಳುತ್ತಾರೆ. 4ಕೆಯಲ್ಲಿ ಚಿತ್ರ ಮೂಡಿಸುವ ಚುಕ್ಕೆಗಳು (ಪಿಕ್ಸೆಲ್) ನಾಲ್ಕು ಪಟ್ಟು ಹೆಚ್ಚು, ಅದು ಸರಿ. ಆದರೆ ಎಷ್ಟು ದೂರದಿಂದ ನೋಡುತ್ತಾರೆ? 43 ಇಂಚಿನ ಫುಲ್ ಎಚ್‌ಡಿ ಪರದೆಯಲ್ಲಿ ಒಂದು ಚುಕ್ಕೆಯ ಅಗಲ ಸುಮಾರು ಅರ್ಧ ಮಿಲಿಮೀಟರ್. ಸಾಮಾನ್ಯ ದೃಷ್ಟಿಯ ಕಣ್ಣು ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದಷ್ಟು ಕೋನವನ್ನು ಬಿಡಿಸಿ ನೋಡಬಲ್ಲದು. ಲೆಕ್ಕ ಹಾಕಿದರೆ ಸುಮಾರು 1.7 ಮೀಟರ್ ದಾಟಿದ ಮೇಲೆ ಆ ಚುಕ್ಕೆಗಳು ಬೇರೆಬೇರೆಯಾಗಿ ಕಾಣುವುದಿಲ್ಲ. 32 ಇಂಚಿಗೆ ಈ ದೂರ ಸುಮಾರು 1.3 ಮೀಟರ್, 55 ಇಂಚಿಗೆ 2.2 ಮೀಟರ್. ಹಾಗಾಗಿ ‘ಸೋಫಾ ಮತ್ತು ಟಿವಿ ನಡುವೆ ಎಷ್ಟು ದೂರ?’ ಎಂಬುದೇ ನಿಮ್ಮ ಮೊದಲ ಪ್ರಶ್ನೆ. ‘ಎರಡೂವರೆ ಮೀಟರ್’ ಎಂದರೆ: ‘ಅಷ್ಟು ದೂರಕ್ಕೆ 43 ಇಂಚಿನಲ್ಲಿ ಎರಡರ ಚುಕ್ಕೆಯೂ ಕಣ್ಣಿಗೆ ಒಂದೇ. ಇದನ್ನೇ ಕಂಪ್ಯೂಟರ್‌ಗೆ ಜೋಡಿಸಿ ಹತ್ತಿರ ಕೂತು ಅಕ್ಷರ ಓದೋದಾದರೆ ಇದು ಸಾಲದು.’ ಒಂದು ಎಚ್ಚರಿಕೆ: 4ಕೆ ಮಾಡೆಲ್‌ಗಳಲ್ಲಿ ಕೆಲವಕ್ಕೆ ಹೊಳಪು, ಬಣ್ಣದ ಗುಣಮಟ್ಟವೂ ಮೇಲಿರುತ್ತದೆ. ಆ ವ್ಯತ್ಯಾಸ ದೂರದಿಂದಲೂ ಕಾಣುತ್ತದೆ. ಅದನ್ನು ಮುಚ್ಚಿಟ್ಟು ಚುಕ್ಕೆಯ ಲೆಕ್ಕವೊಂದನ್ನೇ ಹೇಳಿದರೆ ಅದೂ ಅರ್ಧ ಸತ್ಯವೇ. ಎರಡು ಪರದೆಗಳಲ್ಲೂ ಒಂದೇ ವಿಡಿಯೊ ಹಾಕಿ, ಅವರು ಹೇಳಿದಷ್ಟೇ ದೂರ ನಿಲ್ಲಿಸಿ ತೋರಿಸಿ.

ಲ್ಯಾಪ್‌ಟಾಪ್‌ನಲ್ಲಿ ಕೆಳಗಿಳಿಯಬಹುದಾದ ಮೆಟ್ಟಿಲುಗಳೂ ಇವೆ, ಇಳಿಯಬಾರದವೂ ಇವೆ. ಆಟ, 3ಡಿ, ವಿಡಿಯೊ ಎಡಿಟಿಂಗ್ ಇಲ್ಲದವರಿಗೆ ಪ್ರತ್ಯೇಕ ಗ್ರಾಫಿಕ್ಸ್ ಚಿಪ್ ಬೇಡ. ಅದು ಬೆಲೆಯ ಜೊತೆಗೆ ಬಿಸಿಯನ್ನೂ ತೂಕವನ್ನೂ ಸೇರಿಸುತ್ತದೆ. ಆದರೆ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ, ವೇಗದ ಡಿಸ್ಕ್) ಬಿಟ್ಟು ಹಳೆಯ ತಿರುಗುವ ಹಾರ್ಡ್‌ಡಿಸ್ಕ್‌ಗೆ ಇಳಿಸಬೇಡಿ. ಪ್ರತಿದಿನ ಯಂತ್ರ ತೆರೆಯುವಾಗಲೂ ಆ ನಿಧಾನ ಕಾಣುತ್ತದೆ, ನಿಮ್ಮ ಹೆಸರೂ ನೆನಪಾಗುತ್ತದೆ. ರ‍್ಯಾಮ್ ವಿಷಯದಲ್ಲಿ ‘8 ಜಿಬಿ ಸಾಕು, ಬೇಕಾದರೆ ಆಮೇಲೆ ಹಾಕಿಸಬಹುದು’ ಎನ್ನುವ ಮೊದಲು ಆ ಮಾಡೆಲ್‌ನಲ್ಲಿ ರ‍್ಯಾಮ್ ಹಾಕಲು ಜಾಗ ಇದೆಯೇ ಎಂದು ತಯಾರಕರ ವಿವರಪಟ್ಟಿಯಲ್ಲಿ ನೋಡಿ. ತೆಳುವಾದ ಅನೇಕ ಮಾಡೆಲ್‌ಗಳಲ್ಲಿ ಅದನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಆಮೇಲೆ ಎಂಬುದೇ ಇಲ್ಲ. ಕಡಿಮೆ ಬೆಲೆಯದನ್ನು ಸೂಚಿಸುವವರು ಹೆಚ್ಚಾಗಿ ಮಾಡುವ ತಪ್ಪು ಇದು.

ಪ್ರಿಂಟರ್‌ನಲ್ಲಿ ಲೆಕ್ಕವೇ ತಿರುಗುಮುರುಗು. ಕೌಂಟರಿನಲ್ಲಿ ಕಡಿಮೆ ಬೆಲೆಯ ಕಾರ್ಟ್ರಿಜ್ ಇಂಕ್‌ಜೆಟ್ ಹಾಳೆಯ ಲೆಕ್ಕದಲ್ಲಿ ದುಬಾರಿ. ತಿಂಗಳಿಗೆ ನಾಲ್ಕು ಹಾಳೆ ತೆಗೆಯುವವರಿಗೆ ಇನ್ನೂ ತೊಂದರೆ: ಶಾಯಿ ತೂತುಗಳಲ್ಲಿ ಒಣಗುತ್ತದೆ, ಅದನ್ನು ಶುಚಿ ಮಾಡಲು ಯಂತ್ರ ಮತ್ತಷ್ಟು ಶಾಯಿಯನ್ನೇ ಸುರಿಯುತ್ತದೆ. ಬಣ್ಣ ಬೇಡದವರಾದರೆ ಸ್ವಲ್ಪ ಹೆಚ್ಚು ಬೆಲೆಯ ಕಪ್ಪು-ಬಿಳುಪು ಲೇಸರ್ ಅವರಿಗೆ ಹೊಂದುತ್ತದೆ. ಟೋನರ್ ಪುಡಿ, ಅದು ಒಣಗುವ ಮಾತಿಲ್ಲ. ಅಳತೆ ನೋಡಿ ಕೊಡುವುದು ಎಂದರೆ ಕೆಲವೊಮ್ಮೆ ಮೇಲಕ್ಕೂ ಹೋಗಬೇಕು. ಆಗಲೂ ವಾಕ್ಯ ಅದೇ: ‘ನಿಮ್ಮ ಬಳಕೆಗೆ ಅದು ಸಾಲದು.’

ಕೇಬಲ್ ಬಗ್ಗೆ ಎರಡೇ ಮಾತು. ಟಿವಿಗೆ ಚಿತ್ರ, ಧ್ವನಿ ಒಯ್ಯುವ, ಒಂದೆರಡು ಮೀಟರ್ ಉದ್ದದ ಎಚ್‌ಡಿಎಂಐ ಕೇಬಲ್‌ನಲ್ಲಿ ಚಿತ್ರ ಸರಿಯಾಗಿ ತಲಪುತ್ತದೆ ಇಲ್ಲವೇ ಮಿಣುಗಿ ಕಡಿದುಹೋಗುತ್ತದೆ. ದುಬಾರಿ ಕೇಬಲ್‌ನಿಂದ ಬಣ್ಣ ಹೆಚ್ಚು ಚೆನ್ನಾಗುವುದಿಲ್ಲ. ಸೆಕೆಂಡಿಗೆ 120 ಚೌಕಟ್ಟಿನ (ಫ್ರೇಮ್) 4ಕೆಯಂಥದ್ದು ಬೇಕಾದವರಿಗೆ ಮಾತ್ರ 48 ಗಿಗಾಬಿಟ್ ವೇಗದ ಕೇಬಲ್ ಬೇಕು. ಕ್ಯಾಮೆರಾದಲ್ಲಿ ಹೆಚ್ಚು ಮೆಗಾಪಿಕ್ಸೆಲ್ (ಒಂದು ಮೆಗಾಪಿಕ್ಸೆಲ್ ಎಂದರೆ ಹತ್ತು ಲಕ್ಷ ಚುಕ್ಕೆ) ಕೇಳುವವರಿಗೆ: ಎ4 ಹಾಳೆಯಲ್ಲಿ ಇಂಚಿಗೆ 300 ಚುಕ್ಕೆಯಂತೆ ಸ್ಪಷ್ಟವಾಗಿ ಮುದ್ರಿಸಲು 2480 ಗುಣಿಸು 3508, ಅಂದರೆ 9 ಮೆಗಾಪಿಕ್ಸೆಲ್‌ಗೂ ಕಡಿಮೆ ಸಾಕು.

ಮಾತಿನ ಕ್ರಮಕ್ಕೆ ಬರೋಣ. ಗಿರಾಕಿ ದುಬಾರಿ ಮಾಡೆಲ್ ಮೇಲೆ ಕೈ ಇಟ್ಟ ಮೇಲೆ ‘ಇದು ಬೇಡ’ ಎಂದರೆ ಕಸಿದುಕೊಂಡಂತೆ. ಅದಕ್ಕಿಂತ ಮೊದಲೇ ಕೆಲಸ ಕೇಳಿ. ‘ಬಜೆಟ್ ಎಷ್ಟು?’ ಎಂಬುದು ಮೊದಲ ಪ್ರಶ್ನೆಯಾಗದಿರಲಿ, ಅದರಲ್ಲೂ ಜೊತೆಗೆ ನೆಂಟರೋ ಸ್ನೇಹಿತರೋ ಇರುವಾಗ. ಆಗ ಹೇಳುವ ಅಂಕಿ ಜೊತೆಗಿರುವವರಿಗಾಗಿ ಹೇಳಿದ್ದಾಗಿರುತ್ತದೆ. ‘ಯಾರು ಬಳಸ್ತಾರೆ? ದಿನಕ್ಕೆ ಎಷ್ಟು ಹೊತ್ತು? ಈಗಿರೋದರಲ್ಲಿ ಏನು ತೊಂದರೆ?’ ಈ ಮೂರು ಸಾಕು. ಮೂರನೆಯದಕ್ಕೆ ಬರುವ ಉತ್ತರದಲ್ಲಿ ಎಷ್ಟೋ ಸಲ ಹೊಸದೇ ಬೇಡ, ಬ್ಯಾಟರಿಯನ್ನೋ ಡಿಸ್ಕನ್ನೋ ಬದಲಿಸಿದರೆ ಆಯಿತು ಎಂಬುದು ಹೊರಬೀಳುತ್ತದೆ. ಅದನ್ನೂ ಹೇಳಿ.

ಅವರು ಈಗಾಗಲೇ ದುಬಾರಿಯದನ್ನೇ ಮನಸ್ಸಿನಲ್ಲಿಟ್ಟುಕೊಂಡು ಬಂದಿದ್ದರೆ ಮೊದಲು ಆ ಆಯ್ಕೆಗೆ ಗೌರವ ಕೊಡಿ: ‘ಒಳ್ಳೆ ಮಾಡೆಲ್ ಮೇಡಂ. ಇದರಲ್ಲಿ ಹೆಚ್ಚಿನ ದುಡ್ಡು ಹೋಗೋದು ಗ್ರಾಫಿಕ್ಸ್‌ಗೆ. ನೀವು ಹೇಳಿದ ಕೆಲಸದಲ್ಲಿ ಅದು ಸುಮ್ಮನೆ ಕೂತಿರುತ್ತೆ.’ ಸುಮ್ಮನೆ ಕೂತಿರುವುದು ಗ್ರಾಫಿಕ್ಸ್, ದುಬಾರಿಯದನ್ನು ಆರಿಸಿದ ಮೇಡಂ ತಪ್ಪು ಮಾಡಿಲ್ಲ. ಬಳಿಕ ಎರಡನ್ನೇ ಮುಂದಿಡಿ, ಮೂರನ್ನಲ್ಲ. ಮೂರಿದ್ದಾಗ ಜನ ನಡುವಿನದಕ್ಕೆ ವಾಲುತ್ತಾರೆ. ಮಾರ್ಕೆಟಿಂಗ್ ಸಂಶೋಧಕ ಇಟಮಾರ್ ಸೈಮನ್‌ಸನ್ 1989ರಲ್ಲಿ ಇದನ್ನು ಪ್ರಯೋಗಗಳಲ್ಲಿ ತೋರಿಸಿದರು. ನಡುವಿನದು ಸುರಕ್ಷಿತ ಎನ್ನಿಸುತ್ತದೆ, ಅಷ್ಟೇ. ಅದು ಕೆಲಸಕ್ಕೆ ಹೊಂದುವುದೇ ಎಂಬುದು ಬೇರೆ ಮಾತು.

ಇದೇ ಜ್ಞಾನವನ್ನು ಉಲ್ಟಾ ಬಳಸುವವರೂ ಇದ್ದಾರೆ. ಮಾರುವ ಉದ್ದೇಶವೇ ಇಲ್ಲದ ಅತಿ ದುಬಾರಿಯದನ್ನು ಮೊದಲು ತೋರಿಸಿ, ಆಮೇಲೆ ಮಧ್ಯಮ ಬೆಲೆಯದನ್ನು ‘ನಿಮಗೋಸ್ಕರ ಉಳಿತಾಯ’ ಎಂದು ಕೊಡುವುದು. ಇದು ಕೆಲಸ ಮಾಡುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ಮನೋವಿಜ್ಞಾನಿ ರಾಬರ್ಟ್ ಚಾಲ್ಡೀನಿ ಮತ್ತು ಸಂಗಡಿಗರ 1975ರ ಪ್ರಯೋಗದಲ್ಲಿ, ಬಾಲಾಪರಾಧಿಗಳನ್ನು ಎರಡು ಗಂಟೆ ಮೃಗಾಲಯ ಸುತ್ತಿಸಲು ನೇರವಾಗಿ ಕೇಳಿದಾಗ ಸುಮಾರು ಶೇ 17ರಷ್ಟು ವಿದ್ಯಾರ್ಥಿಗಳು ಒಪ್ಪಿದರು. ಮೊದಲು ‘ಎರಡು ವರ್ಷ, ವಾರಕ್ಕೆ ಎರಡು ಗಂಟೆ’ ಎಂಬ ಭಾರೀ ಕೋರಿಕೆ ಇಟ್ಟು, ಅದನ್ನು ನಿರಾಕರಿಸಿದ ಮೇಲೆ ಇದನ್ನು ಕೇಳಿದಾಗ ಶೇ 50ರಷ್ಟು ಒಪ್ಪಿದರು. ತಂತ್ರ ಗೊತ್ತಿರಲಿ, ಬಳಸಬೇಡಿ. ನಿಮ್ಮ ಗಿರಾಕಿಗಳು ‘ಹಳೇ ಸ್ಟಾಕಾ?’ ಎಂದು ಕೇಳುವಂತಾದದ್ದು ಇಂಥ ‘ಉಳಿತಾಯ’ಗಳನ್ನು ಎಲ್ಲೆಲ್ಲೋ ಕಂಡೇ.

ಎಲ್ಲ ಹೇಳಿದ ಮೇಲೂ ಕೆಲವರು ದೊಡ್ಡದನ್ನೇ ಕೊಳ್ಳುತ್ತಾರೆ. ಉಡುಗೊರೆ ಇರಬಹುದು, ಬಹಳ ದಿನದ ಆಸೆ ಇರಬಹುದು. ಆಸೆಯೂ ಒಂದು ಅಗತ್ಯವೇ; ಅದಕ್ಕೆ ಚುಕ್ಕೆಯ ಲೆಕ್ಕ ಒಪ್ಪಿಸಬೇಡಿ. ನಿಮ್ಮ ಮಾತು ಒಂದು ಸಲ ಸಾಕು, ಎರಡನೇ ಸಲ ಹೇಳಿದರೆ ಅದು ಉಪದೇಶ. ‘ಗೊತ್ತಿರಲಿ ಅಂತ ಹೇಳಿದೆ ಸರ್, ಇದೂ ಚೆನ್ನಾಗಿದೆ’ ಎಂದು ನಗುತ್ತ ಬಿಲ್ ಮಾಡಿ.

ಇನ್ನು ಅಪಾಯಗಳು. ಮೊದಲನೆಯದು, ಆರು ತಿಂಗಳಾದ ಮೇಲೆ ‘ನೀವೇ ಇದು ಸಾಕು ಅಂದ್ರಲ್ಲ’ ಎಂದು ಬರುವುದು. ಸಲಹೆ ಸರಿಯಿದ್ದು ಕೆಲಸ ಬದಲಾದಾಗ ಹೀಗಾಗುತ್ತದೆ. ಇದಕ್ಕೆ ಮದ್ದು ಬಿಲ್ಲಿನ ಹಿಂದೆ ಒಂದು ಸಾಲು: ‘ಲೆಕ್ಕಪತ್ರ, ಬ್ರೌಸಿಂಗ್‌ಗೆಂದು ಕೊಟ್ಟಿದ್ದು. ಎಡಿಟಿಂಗ್‌ಗೆ ಸಾಲದು ಎಂದು ತಿಳಿಸಿದೆ.’ ಗಿರಾಕಿಯ ಎದುರೇ ಬರೆಯಿರಿ. ಜಗಳಕ್ಕೆ ಸಾಕ್ಷಿಯಾಗುವುದಕ್ಕಿಂತ ಹೆಚ್ಚಾಗಿ, ಬರೆಯುವಾಗ ಅವರೇ ‘ತಡೀರಿ, ಇನ್ನೊಂದು ಕೆಲಸ ಇದೆ’ ಎಂದು ನೆನಪಿಸಿಕೊಳ್ಳುತ್ತಾರೆ. ಎರಡನೆಯದು, ನಿಮ್ಮ ಊಹೆಯೇ ತಪ್ಪಾಗುವುದು. ವಯಸ್ಸು, ಬಟ್ಟೆ ನೋಡಿ ‘ಇವರಿಗೆ ಇಷ್ಟು ಸಾಕು’ ಎಂದುಕೊಂಡರೆ ಮತ್ತೆ ಆ ‘ನಿಮಗೆ’ಗೇ ಮರಳಿದಂತೆ, ಬಾಯಲ್ಲಿ ಹೇಳದಿದ್ದರೂ. ವಯಸ್ಸಾದವರು ಕೇಳಿದ ದೊಡ್ಡ ಪರದೆಗೆ ಮಂಜಾದ ಕಣ್ಣು ಕಾರಣವಿರಬಹುದು.

ಮೂರನೆಯದು ಮಾಲೀಕರು. ಅವರ ಚಿಂತೆಯನ್ನು ತಳ್ಳಿಹಾಕಬೇಡಿ. ಬಾಡಿಗೆ, ಸಂಬಳ ದಿನದ ವ್ಯಾಪಾರದಿಂದಲೇ ಬರಬೇಕು. ಅವರ ಬಳಿ ಪ್ರಾಮಾಣಿಕತೆಯ ಮಾತಿಗಿಂತ ಲೆಕ್ಕ ಒಯ್ಯಿರಿ. ಮೂರು ತಿಂಗಳು ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಅಂಕಣ ಬರೆದಿಡಿ: ಅಳತೆ ನೋಡಿ ಕೊಟ್ಟ ಬಿಲ್ಲು, ವಾಪಸಾದದ್ದು, ಅದೇ ಗಿರಾಕಿ ಮತ್ತೆ ಬಂದದ್ದು, ಅವರು ಕಳಿಸಿದ ಹೊಸಬರು. ಮಾರಾಟ ಬೆಲೆಯ ಪಕ್ಕದಲ್ಲಿ ಲಾಭದ ಅಂಶವನ್ನೂ ಬರೆಯಿರಿ, ಏಕೆಂದರೆ ದುಬಾರಿ ಮಾಡೆಲ್‌ನಲ್ಲಿ ಯಾವಾಗಲೂ ಲಾಭ ಹೆಚ್ಚಿರುತ್ತದೆ ಎಂದೇನಿಲ್ಲ. ಕೆಲವೊಮ್ಮೆ ಚಿಕ್ಕ ಮಾಡೆಲ್ ಜೊತೆ ಹೋಗುವ ಚೀಲ, ಮೌಸ್, ಬಿಡಿಭಾಗಗಳಲ್ಲೇ ಹೆಚ್ಚು ಉಳಿಯುತ್ತದೆ. ಲೆಕ್ಕ ನಿಮ್ಮ ವಿರುದ್ಧವೇ ಬರಬಹುದು, ಅದಕ್ಕೂ ತಯಾರಿರಿ. ದಾರಿಹೋಕರೇ ಹೆಚ್ಚಿರುವ, ಮತ್ತೆ ಬರುವವರು ಕಡಿಮೆಯಿರುವ ಅಂಗಡಿಯಲ್ಲಿ ಇದರ ಫಲ ನಿಧಾನ. ಇನ್ಸೆಂಟಿವ್ ಬರೀ ಮಾರಾಟ ಬೆಲೆಗೆ ಕಟ್ಟಿದ್ದರೆ ನೀವು ಪ್ರತಿ ಸಲವೂ ನಿಮ್ಮ ಜೇಬಿನಿಂದಲೇ ಕೊಟ್ಟಂತಾಗುತ್ತದೆ. ಹಾಗಿದ್ದರೆ ಮಾಲೀಕರ ಮುಂದೆ ಒಂದೇ ಬೇಡಿಕೆ ಇಡಿ: ವಾಪಸಾದ ವಸ್ತುವಿನ ಇನ್ಸೆಂಟಿವ್ ಕಡಿತವಾಗಲಿ, ಹೆಸರು ಹೇಳಿಕೊಂಡು ಬಂದ ಹೊಸ ಗಿರಾಕಿಯ ಇನ್ಸೆಂಟಿವ್ ಸೇರಲಿ. ಇದಕ್ಕೆ ಅಂಗಡಿಯ ಗಂಟು ಹೋಗುವುದಿಲ್ಲ, ಒಪ್ಪಿಸುವುದೂ ಸುಲಭ.

ನಾಳೆಯಿಂದ ಹೊಸ ಮಾತುಗಳನ್ನೆಲ್ಲ ಒಟ್ಟಿಗೆ ಪ್ರಯೋಗಿಸಲು ಹೋಗಬೇಡಿ. ಹೆಚ್ಚು ಮಾರಾಟವಾಗುವ ಹತ್ತು ಮಾಡೆಲ್ ಆರಿಸಿ, ಪ್ರತಿಯೊಂದಕ್ಕೂ ಒಂದು ‘ಸಾಕು’, ಒಂದು ‘ಸಾಲದು’ ಬರೆದು ಕೌಂಟರಿನ ಒಳಬದಿಗೆ ಅಂಟಿಸಿಕೊಳ್ಳಿ. ಯಾವ ಮಾಡೆಲ್‌ಗೆ ‘ಸಾಲದು’ ಬರೆಯಲು ಹೊಳೆಯುವುದಿಲ್ಲವೋ, ಅದನ್ನು ಮೊದಲು ಚೆನ್ನಾಗಿ ತಿಳಿದುಕೊಳ್ಳಿ. ಅಲ್ಲಿಯವರೆಗೆ ಅದನ್ನು ಯಾರಿಗೂ ಸೂಚಿಸಬೇಡಿ.